ಊಟವಾದ ಮೇಲೆ ಗಣಿತ

ನಮ್ಮೂರ ಹೈಸ್ಕೂಲಿನ ಅರ್ಜಿಯಲ್ಲಿ ತಂದೆಯ ಹೆಸರು, ತಾಯಿಯ ಹೆಸರು ಆದಮೇಲೆ ಇನ್ನೊಂದು ಗೆರೆ ಇದೆ: ಮರೆಯುವವರ ಹೆಸರು. ನನ್ನ ಅಣ್ಣನ ಮೂರು ಮಕ್ಕಳ ಅರ್ಜಿಯಲ್ಲೂ ಆ ಗೆರೆಯ ಮೇಲೆ ನಾನಿದ್ದೆ. ನೀಲಾಂಬಿಕೆ, ಸೋದರತ್ತೆ, ನೆನಪಿನ ಶಕ್ತಿ ಚೆನ್ನಾಗಿದೆ. ಕೊನೆಯದನ್ನು ಯಾರೂ ಕೇಳಿರಲಿಲ್ಲ. ಎಮ್ಮೆ ಮಾರುವವನು ಹಾಲಿನ ಲೆಕ್ಕ ಹೇಳುವ ಹಾಗೆ ಅಣ್ಣ ತಾನಾಗಿಯೇ ಸೇರಿಸಿದ್ದ.

ನಮ್ಮೂರಲ್ಲಿ ಮಗುವೊಂದು ಏನಾದರೂ ಹೊಸದು ಕಲಿತರೆ, ಅದು ಕೊನೆಯ ಸಲ ಉಂಡ ಗಡಿಗೆಯಿಂದಲೇ ಉಂಡ ದೊಡ್ಡವರಲ್ಲಿ ಒಬ್ಬರು, ಇಲ್ಲವೆ ಹಲವರು ಸೇರಿ, ಅಷ್ಟೇ ತೂಕದ ಏನನ್ನಾದರೂ ಮರೆಯುತ್ತಾರೆ. ಮಗ್ಗಿ ಕಲಿತರೆ ಒಂದು ಸೋಬಾನೆ ಪದ ಹೋದೀತು, ಭಿನ್ನರಾಶಿ ಕಲಿತರೆ ದೂರದ ನೆಂಟನೊಬ್ಬ ಹೋದಾನು. ಯಾಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ. ಹಪ್ಪಳ ಬಿಸಿಲಿಗೇ ಯಾಕೆ ಒಣಗುತ್ತದೆ ಎಂದು ಕೇಳುತ್ತೇವೆಯೆ? ಅನುಕೂಲಸ್ಥರು ಮನೆಯಲ್ಲಿ ಒಬ್ಬ ವಿಧವೆ ಚಿಕ್ಕಮ್ಮನನ್ನೋ ಗಂಡನನ್ನು ಬಿಟ್ಟು ಬಂದ ತಂಗಿಯನ್ನೋ ಇಟ್ಟುಕೊಳ್ಳುತ್ತಾರೆ. ಮಕ್ಕಳಿಗೂ ಅವಳಿಗೂ ಒಂದು ಗಡಿಗೆ, ಉಳಿದವರಿಗೆ ಬೇರೆ ಒಲೆಯ ಮೇಲೆ ಇನ್ನೊಂದು. ಹೊಗೆಯ ಕಿಂಡಿ ಎರಡಿದ್ದ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗುವಿದೆ ಎಂದು ಹೊಸಬರೂ ಹೇಳಬಲ್ಲರು.

ನಾನು ಗಂಡನನ್ನು ಬಿಟ್ಟು ಬಂದ ಬಗೆಯವಳು. ಬಂದ ದಿನ ಅಣ್ಣ ನನ್ನನ್ನು ಎಷ್ಟು ಪ್ರೀತಿಯಿಂದ ಒಳಗೆ ಕರೆದನೆಂದರೆ ನನಗೆ ಅಳು ಬಂದಿತ್ತು. ಅವನ ದೊಡ್ಡ ಮಗನಿಗೆ ಮುಂದಿನ ವಾರ ಶಾಲೆ ಶುರು ಎಂಬುದು ಆಮೇಲೆ ತಿಳಿಯಿತು. ಅವನ ಬೀಜಗಣಿತಕ್ಕೆ ನನ್ನ ಸಾರು, ಗೊಜ್ಜು, ಪಲ್ಯಗಳೆಲ್ಲ ಹೋದವು. ನಡುವಿನವಳ ಸಂಸ್ಕೃತಕ್ಕೆ ಗಂಡನ ಮುಖ ಹೋಯಿತು. ಆ ದಿನ ನಾನು ಪಾಯಸವನ್ನು ಎರಡು ಸಲ ಹಾಕಿಸಿಕೊಂಡೆನಂತೆ. ಆದರೆ ಕಿರಿಯವನು ಬೆಳಕಿನ ವಕ್ರೀಭವನ ಕಲಿತ ದಿನ ನನ್ನ ಅವ್ವನ ದನಿ ಹೋಯಿತು. ಯಾವುದು ಹೋಗಬೇಕೆಂದು ಆರಿಸುವ ಅಧಿಕಾರ ನಮಗಿಲ್ಲ ಎಂದುಕೊಂಡಿದ್ದೆವು.

ಕಿರಿಯವನ ಹೈಸ್ಕೂಲು ಮುಗಿದ ಮೇಲೆ ವೈನಿ, ಅಣ್ಣನ ಹೆಂಡತಿ, ಒಂದು ದಿನ ಅಕ್ಕಿ ಆರಿಸುತ್ತ ಕೇಳಿದಳು. "ಇನ್ನ ಮುಂದ ಏನ್ ಮಾಡಾಕಿ ನೀಲಾ?" ಕೇಳಿದ ರೀತಿಯೇನೋ ಮೃದುವಾಗಿಯೇ ಇತ್ತು. ಕೆಲಸ ಮುಗಿದ ಒನಕೆಯನ್ನು ಎಲ್ಲಿಡಲಿ ಎಂದು ಕೇಳುವವರೂ ಹಾಗೆಯೇ ಕೇಳುತ್ತಾರೆ. ಮರುದಿನ ನಾನು ಹೈಸ್ಕೂಲಿನ ಬಿಸಿಯೂಟದ ಅಡುಗೆ ಕೆಲಸಕ್ಕೆ ಹೋಗಿ ನಿಂತೆ. ನನಗೆ ಉಳಿದಿದ್ದುದು ಅನ್ನ ಮತ್ತು ಒಂದೇ ಒಂದು ಬಗೆಯ ಸಾಂಬಾರು. ಸರಕಾರದ ಪಟ್ಟಿಯಲ್ಲೂ ಬಹುತೇಕ ಅಷ್ಟೇ ಇದ್ದುದರಿಂದ ಆಯ್ಕೆಯಾದೆ.

ಶಾಲೆಯ ಹೆಡ್ ಮೇಡಂ ದಿಲ್‌ಶಾದ್ ಬೇರೆ ಊರಿನವರು. ಮಕ್ಕಳೊಂದಿಗೆ ಶಿಕ್ಷಕರೂ ಉಣ್ಣಬೇಕೆಂಬ ಹುಮ್ಮಸ್ಸಿನಲ್ಲಿ ಬಂದ ವಾರವೇ ನೆಲದ ಮೇಲೆ ಕೂತು ಉಂಡರು. ಅವರ ಚೀಲದಲ್ಲಿ ವರ್ಗಾವಣೆಯ ಅರ್ಜಿಯೊಂದು ಬರೆದು ಸಿದ್ಧವಾಗಿತ್ತು. ತಿಂಗಳಾದ ಮೇಲೆ ಕನ್ನಡಕ ಹುಡುಕುವಾಗ ಅದು ಕೈಗೆ ಸಿಕ್ಕಿತು. "ಇದು ಯಾರದ್ರೀ ನೀಲಮ್ಮ?" ಎಂದು ನನ್ನನ್ನೇ ಕೇಳಿದರು. ನಾನು ಅದನ್ನು ಒಲೆಗೆ ಹಾಕಿದೆ. ಒಳ್ಳೆಯ ಹೆಡ್ ಮೇಡಂ ಸಿಗುವುದು ಕಷ್ಟ.

ಗಣಿತದ ಕುಲಕರ್ಣಿ ಸರ್ ಮಾತ್ರ ಮನೆಯಿಂದ ಡಬ್ಬಿ ತರುತ್ತಿದ್ದರು. ಜಾತಿಗೀತಿ ಏನಿಲ್ಲ, ತನಗೆ ಪಿತ್ತ ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಅವರ ಪಾಠ ದಿನದ ಮೊದಲ ತಾಸು. ಬೆಳಗಿನ ತಲೆ ಚುರುಕು ಎಂಬುದು ಅವರ ನಂಬಿಕೆ. ತರಗತಿಯ ಮುಂದಿನ ಅರ್ಧಕ್ಕೆ ಎರಡು ಕಿಂಡಿಯ ಮನೆಗಳ ಮಕ್ಕಳು ಕೂತು ಟಕಟಕ ಉತ್ತರ ಕೊಡುತ್ತಿದ್ದರು. ಹಿಂದಿನ ಅರ್ಧವನ್ನು ಸರ್ 'ಹಸಿ ಕಟ್ಟಿಗೆ' ಎಂದು ಕರೆಯುತ್ತಿದ್ದರು, ಎಷ್ಟು ಊದಿದರೂ ಹತ್ತಿಕೊಳ್ಳುವುದಿಲ್ಲವೆಂದು.

ಆ ಹಸಿ ಕಟ್ಟಿಗೆಯಲ್ಲಿ ಒಬ್ಬಳು ಫಕೀರವ್ವ. ಹತ್ತನೆಯ ತರಗತಿ, ಎರಡು ಜಡೆ, ಕೆಳಗಿನ ಓಣಿಯ ಹುಲಿಗೆವ್ವನ ಮಗಳು. ಅಡುಗೆಕೋಣೆಗೂ ತರಗತಿಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಜಾಲಂದ್ರ. ಸರ್ ಲೆಕ್ಕ ಬಿಡಿಸುತ್ತಿದ್ದಾಗ ಈ ಹುಡುಗಿ ಹಂಚು ಎಣಿಸುತ್ತ, ತುಟಿಯೊಳಗೆ ಏನೋ ಗುನುಗುತ್ತ ಕೂತಿರುವುದನ್ನು ನಾನು ದಿನಾ ನೋಡುತ್ತಿದ್ದೆ. ಒಮ್ಮೆ ನೀರು ಕುಡಿಯಲು ಬಂದಾಗ ಹಿಡಿದುಕೊಂಡೆ.

"ಯಾಕ ಪಾಠ ಕೇಳೂದಿಲ್ಲ ನೀ?"

"ಕೇಳ್ತೀನ್ರೀ ಅತ್ತಿ. ಒಳಗ ಬಿಟ್ಕೊಳ್ಳೂದಿಲ್ಲ."

"ಅಂದ್ರ?"

"ಕಿವಿತನಕ ಬರ್ತೈತಿ. ಅಲ್ಲೇ ತಡೀತೀನಿ. ನಮ್ಮ ಓಣಿ ಹುಡುಗ್ರಿಗೆಲ್ಲಾ ಬರ್ತೈತ್ರಿ ಅದು." ಎಷ್ಟು ಸಲೀಸಾಗಿ ಹೇಳಿದಳೆಂದರೆ, ಈಜು ಬರುತ್ತದೆ ಎಂದಂತೆ.

ಆಮೇಲೆ ಲೋಟದಲ್ಲಿ ನೋಡುತ್ತ, "ನಮ್ಮನ್ಯಾಗ ಅವ್ವ ಒಬ್ಬಾಕೀನ" ಎಂದಳು.

ಅಷ್ಟು ಹೇಳಿದರೆ ನಮ್ಮೂರಲ್ಲಿ ಯಾರಿಗಾದರೂ ಅರ್ಥವಾಗುತ್ತದೆ. ಹುಲಿಗೆವ್ವ ಎಲುಬು ಕೂಡಿಸುವವಳು. ಮೈಲಿಗಟ್ಟಲೆ ಡಾಕ್ಟರಿಲ್ಲದ ಊರಲ್ಲಿ ಜಾರಿದ ಕೀಲನ್ನು ಕೂರಿಸುವ ಕೈ ಅವಳದೊಂದೇ. ಕಸುಬು ತಾಯಿಯಿಂದ ಮಗಳಿಗೆ ಬಂದ ಕೂಡಲೇ ತಾಯಿಗೆ ಮರೆತುಹೋಗುವ ಊರಿದು, ಆದ್ದರಿಂದ ಯಾವ ಕಸುಬೂ ಒಂದಕ್ಕಿಂತ ಹೆಚ್ಚು ತಲೆಯಲ್ಲಿ ಇರುವುದಿಲ್ಲ. ಅವಳ ದೊಡ್ಡ ಮಗ ಏಳನೆಯ ತರಗತಿಯಲ್ಲಿ ಅಕ್ಷಾಂಶ ರೇಖಾಂಶ ಕಲಿತ ದಿನ ಹುಲಿಗೆವ್ವನಿಗೆ ಕಾಲಿನ ಹರಡು ಮರೆಯಿತು. ಆಮೇಲೆ ಹರಡು ಉಳುಕಿಸಿಕೊಂಡವರೆಲ್ಲ ಇವತ್ತಿಗೂ ಕುಂಟುತ್ತಾರೆ. ಮಗನನ್ನು ಅಂದೇ ಶಾಲೆ ಬಿಡಿಸಿದಳು. ಫಕೀರವ್ವನನ್ನು ಬಿಡಿಸಿರಲಿಲ್ಲ, ಅವಳು ಏನೂ ಕಲಿಯುವುದಿಲ್ಲವೆಂದು ಮಾತು ಕೊಟ್ಟಿದ್ದಳು.

ಮಾತು ಕೊಟ್ಟವಳ ಕಣ್ಣು ಮಾತ್ರ ಬೋರ್ಡಿನ ಕಡೆಗೆ ಹೋಗುತ್ತಿತ್ತು, ಹಸಿದವರ ಕಣ್ಣು ಪಕ್ಕದವರ ತಾಟಿಗೆ ಹೋಗುವ ಹಾಗೆ. ನಾನು ಮೂರು ಮಕ್ಕಳಿಗಾಗಿ ಮರೆತವಳು, ಆದರೆ ಆ ಮೂವರಲ್ಲಿ ಒಬ್ಬರೂ ಹಾಗೆ ನೋಡಿದ್ದನ್ನು ಕಂಡಿರಲಿಲ್ಲ. ನನಗೆ ಸಿಟ್ಟು ಬಂತು.

ಸಿಟ್ಟಿನಿಂದಲೇ ನನಗೆ ಒಂದು ಗುಟ್ಟು ತಿಳಿದದ್ದು. ಅದೇ ವಾರ ಸರ್‌ಗೆ ಹಲ್ಲುನೋವಾಗಿ ಬೆಳಗಿನ ಪಾಠ ಮಧ್ಯಾಹ್ನಕ್ಕೆ ಬಿತ್ತು. ನಾನು ಪಾತ್ರೆ ಉಜ್ಜುತ್ತ, ಹಿಂದಿನ ದಿನ ವೈನಿ ಅಂದ ಮಾತೊಂದನ್ನು ಮನಸ್ಸಿನಲ್ಲಿ ತಿರುವಿ ತಿರುವಿ ಕುದಿಯುತ್ತಿದ್ದೆ. ಗೋಡೆಯಾಚೆ ಸರ್ ಸಮರೂಪ ತ್ರಿಭುಜ ಹೇಳುತ್ತಿದ್ದರು. "ತಿಳೀತೇನ್ರೋ?" ಎಂದರು. "ತಿಳೀತ್ರೀ" ಎಂದಿತು ಮುಂದಿನ ಅರ್ಧ. ಅಷ್ಟೇ, ನನ್ನ ಕೈಯಲ್ಲಿ ಬೂದಿ ಮೆತ್ತಿದ ನಾರು ಉಳಿಯಿತು, ವೈನಿ ಏನಂದಿದ್ದಳೆಂಬುದು ಉಳಿಯಲಿಲ್ಲ. ಮರುದಿನವೂ ಪಾಠ ಮಧ್ಯಾಹ್ನವೇ ಇತ್ತು; ಬೇಕೆಂದೇ ಅಣ್ಣನ ಒಂದು ಮಾತನ್ನು ಹಿಡಿದುಕೊಂಡು ಕೂತೆ. ಅದೂ ಹೋಯಿತು. ಮಗು ಕಲಿಯುವ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿರುತ್ತದೋ ಅದೇ ಹೋಗುತ್ತದೆ. ಮನೆಯಲ್ಲಿ ಕೂತ ಹೆಂಗಸರಿಗೆ ಶಾಲೆಯಲ್ಲಿ ಯಾವಾಗ ಏನು ಕಲಿಸುತ್ತಿದ್ದಾರೆಂದು ತಿಳಿಯುವುದು ಹೇಗೆ? ಅವರು ಮಗುವಿನ ಮುಖವನ್ನೋ ಸಾರಿನ ಹದವನ್ನೋ ನೆನೆಯುತ್ತಿದ್ದಾಗ ಅದೇ ಹೋಗುತ್ತಿತ್ತು. ಇಷ್ಟು ವರ್ಷ ನಾವು ಬಂಗಾರ ಕೊಟ್ಟು ಕಸ ಇಟ್ಟುಕೊಂಡಿದ್ದೆವು.

ದಿಲ್‌ಶಾದ್ ಮೇಡಂಗೆ ಹೇಳಿದೆ. ಹೊಸ ಪಾಠವೆಲ್ಲ ಊಟವಾದ ಮೇಲೆ ಇರಲಿ. ಆಗ ಮಕ್ಕಳ ಹೊಟ್ಟೆಯಲ್ಲಿ ಶಾಲೆಯ ಅನ್ನ ಇರುತ್ತದೆ, ಮರೆಯುವ ಪಾಳಿ ನಮ್ಮದು. ಬೆಳಗಿನ ಹೊತ್ತು ಹಳೆಯ ಪಾಠವನ್ನೇ ತಿರುವಿ ಹಾಕಲಿ, ಅದಕ್ಕೆ ಯಾರೂ ಏನೂ ತೆರಬೇಕಾಗಿಲ್ಲ.

ಕುಲಕರ್ಣಿ ಸರ್ ಎದ್ದು ನಿಂತರು. "ಊಟಾ ಆದಮ್ಯಾಲ ಹುಡುಗ್ರು ತೂಕಡಸ್ತಾವ್ರೀ ಮೇಡಂ."

"ಮುಂಜಾನಿ ಹಿಂದಿನ ಬೆಂಚಿನವರು ಏನ್ ಮಾಡ್ತಾರ?"

"ಹಂಚ ಎಣಸ್ತಾರ."

"ತೂಕಡಿಸಲಿ ಬಿಡ್ರಿ. ಸ್ವಲ್ಪ ಬದಲಾವಣಿ ಆಗ್ತದ."

ಹುಲಿಗೆವ್ವನನ್ನು ಒಪ್ಪಿಸಲು ನಾನೇ ಹೋದೆ. ಯಾರದೋ ಮುಂಗೈಗೆ ಬಿದಿರಿನ ದಬ್ಬೆ ಕಟ್ಟುತ್ತ ಕೂತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ, ಬಟ್ಟೆಯ ಗಂಟು ಬಿಗಿದು, "ನಿಮಗೇನ್ ಲಾಭ ಅಕ್ಕಾರ?" ಎಂದಳು.

"ನನ್ನ ತಲ್ಯಾಗ ಕಸ ಭಾಳ ಐತಿ."

"ಎಲ್ಲಾರ ತಲ್ಯಾಗೂ ಐತಿ. ನನ್ನ ಮಗಳ ಸಲುವಾಗಿ ನೀವ್ಯಾಕ ಮರೀಬೇಕು? ನಾಳೆ ಕಸ ತೀರಿತು, ಬೇಸರ ಬಂತು, ಬಿಟ್ಟು ಹೋದ್ರಿ. ನನ್ನ ಕೈ ಹೋತು ಅಂದ್ರ ಊರು ಹೆಂಗ ನಡದೀತು?"

"ಈಗೇನ್ ನೆಟ್ಟಗ ನಡ್ಯಾಕತ್ತೈತೇನು? ಅರ್ಧ ಊರು ಕುಂಟತೈತಿ."

ದಬ್ಬೆ ಕಟ್ಟಿಸಿಕೊಳ್ಳುತ್ತಿದ್ದವನು ನಕ್ಕ. ಹುಲಿಗೆವ್ವ ಅವನ ಕೈಯನ್ನು ಒಂಚೂರು ಜಾಸ್ತಿಯೇ ಎಳೆದಳು. ಆಮೇಲೆ, "ಒಂದ್ ಬೆರಳು ಮರತ್ರೂ ಆಕೀನ್ನ ಸಾಲಿ ಬಿಡಸ್ತೀನಿ" ಎಂದಳು. ಅದು ಒಪ್ಪಿಗೆ.

ಫಕೀರವ್ವ ಒಳಗೆ ಬಿಟ್ಟುಕೊಳ್ಳತೊಡಗಿದಳು. ಒಡ್ಡು ಒಡೆದಂತಾಯಿತು. ಅವಳ ಹಿಂದೆ ಆ ಓಣಿಯ ಹದಿನಾರು ಮಕ್ಕಳು. ಹತ್ತು ವರ್ಷ ಕಿವಿಯಲ್ಲಿ ತಡೆದಿಟ್ಟದ್ದೆಲ್ಲ ಒಂದೇ ಸಲ ಒಳನುಗ್ಗಿತು. ನನ್ನ ಕಸ ಎರಡು ವಾರದಲ್ಲಿ ಖಾಲಿಯಾಯಿತು. ಸಾಂಬಾರಿಗೆ ಮೂರು ಸಲ ಉಪ್ಪು ಹಾಕಿದೆ, ಭಾನುವಾರವೂ ಶಾಲೆಗೆ ಬಂದು ಬೀಗ ನೋಡುತ್ತ ನಿಂತೆ. ಇನ್ನೂ ನಾಲ್ಕು ಜನ ಹೆಂಗಸರು ಬೇಕು ಎಂದು ನೀರಿನ ನಲ್ಲಿಯ ಹತ್ತಿರ ಒಂದು ಮಾತು ಬಿಟ್ಟೆ. ಉಂಡು ಕೂತರೆ ಸಾಕು, ಬೇಡವಾದದ್ದು ಹೋಗುತ್ತದೆ ಎಂದೆ.

ಮೂವತ್ತು ಜನ ಬಂದರು.

ಬಂದವರು ಮೊದಲು ಗಡಿಗೆಗೆ ಕೈ ಹಾಕುವವರು ಯಾರು, ಯಾವ ಓಣಿಯವರು ಎಂದು ವಿಚಾರಿಸಿದರು. ಕೆಲವರು ತಾಟು ದೂರ ಸರಿಸಿ ಕೂತರು. ಆ ವಾರ ವರ್ಗಸಮೀಕರಣ ನಡೆಯುತ್ತಿತ್ತು. ಗುರುವಾರದ ಹೊತ್ತಿಗೆ, ತಾವು ಏನನ್ನು ವಿಚಾರಿಸಿದ್ದೆವೆಂಬುದು ಅವರಿಗೇ ನೆನಪಿರಲಿಲ್ಲ. ತಾಟುಗಳು ಹತ್ತಿರ ಬಂದವು, ಜಾಗ ಸಾಲದ್ದಕ್ಕೆ.

ಊಟವಾದ ಮೇಲೆ ವೆರಾಂಡಾದಲ್ಲಿ ಸಾಲಾಗಿ ಕೂತು ಅವರು ಬಟಾಣಿ ಸುಲಿಯುವರು, ಸೊಪ್ಪು ಬಿಡಿಸುವರು. ಒಳಗೆ ಸರ್ "ಈಗ ಲಕ್ಷ್ಯಕೊಡ್ರಿ" ಎಂದರೆ ಸಾಕು, ಹೊರಗೆ ಮೂವತ್ತು ಮುಖ ಬಿಗಿಯುತ್ತಿದ್ದವು. ಒಬ್ಬೊಬ್ಬರೂ ತಮ್ಮದನ್ನು ಹಿಡಿದುಕೊಳ್ಳುವರು. ಅತ್ತೆ ಮೊದಲ ಹೆರಿಗೆಯಲ್ಲಿ ಅಂದದ್ದು, ಗಂಡ ನೆಂಟರೆದುರು ನಕ್ಕದ್ದು, ನೋಡಲು ಬಂದವನು ಬಣ್ಣ ಸಾಲದೆಂದು ಎದ್ದು ಹೋದದ್ದು. ಪಟವಾರಿ ಮನೆಯ ಸೊಸೆಯೊಬ್ಬಳು ಸೈನ್ ಥೀಟಾ ಬಂದ ದಿನ ಜೋರಾಗಿ ಆಕಳಿಸಿ, "ಏನ್ ಹಗುರಾತವಾ" ಎಂದು ಅಲ್ಲೇ ಮಲಗಿಬಿಟ್ಟಳು. ಇನ್ನೊಬ್ಬಳು ಜಾಲಂದ್ರದಲ್ಲಿ ತಲೆ ತೂರಿಸಿ, "ಸರ, ಇವತ್ತ ಸ್ವಲ್ಪ ದೊಡ್ಡ ಲೆಕ್ಕಾ ಕೊಡ್ರಿ" ಎಂದು ಕೇಳಿಕೊಂಡಳು. ಒಂದು ಮಧ್ಯಾಹ್ನ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನನ್ನ ವೈನಿ ಬಂದು ಕಂಬದ ಮರೆಯಲ್ಲಿ ಕೂತಳು. ಏನನ್ನು ಬಿಡಲು ಬಂದಳೆಂದು ನಾನು ಕೇಳಲಿಲ್ಲ. ಎರಡು ಕಿಂಡಿಯ ಮನೆಯ ಯಜಮಾನಿಗೂ ಕಸ ಇರುತ್ತದೆಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಅವಳ ತಾಟಿಗೆ ಅನ್ನ ಹಾಕಿ ಮೇಲೊಂದು ಸೌಟು ಸಾಂಬಾರು ಜಾಸ್ತಿ ಸುರಿದೆ.

ಕೆಟ್ಟದ್ದು ಫೆಬ್ರವರಿಯ ಒಂದು ಶನಿವಾರ. ಶನಿವಾರ ಬೆಳಗಿನ ಶಾಲೆ, ಊಟ ಕೊನೆಗೆ. ಅಂದರೆ ಹೊಸ ಪಾಠ ಮಾಡಬಾರದು. ಆದರೆ ಕುಲಕರ್ಣಿ ಸರ್‌ಗೆ ಪೋರ್ಶನ್ ಉಳಿದಿತ್ತು, ಮತ್ತು ಪೋರ್ಶನ್ ಉಳಿದ ಮೇಷ್ಟರಿಗೆ ದೇವರೂ ಕಾಣಿಸುವುದಿಲ್ಲ. ಎಂಟೂವರೆಗೆ ಯಾರಿಗೂ ಹೇಳದೆ ಹೊಸ ಪ್ರಮೇಯವೊಂದನ್ನು ಬೋರ್ಡಿನ ಮೇಲೆ ಅರ್ಧ ಬರೆದು, ಸುಣ್ಣದಕಡ್ಡಿ ತರಲು ಹೊರಗೆ ಬಂದರು. ಹಿಂದಿನ ದಿನದ ಬಟಾಣಿ ಸಿಪ್ಪೆಯನ್ನು ಯಾರೂ ಗುಡಿಸಿರಲಿಲ್ಲ, ಗುಡಿಸುವವಳಿಗೆ ಮರೆತಿತ್ತು. ಸರ್ ಜಾರಿದರು. ಬಲಭುಜ ಕೀಲು ಬಿಟ್ಟು ಇಳಿದು, ಕೈ ಬೇರೆಯವರದೆನ್ನುವ ಹಾಗೆ ನೇತಾಡಿತು.

ಹುಲಿಗೆವ್ವ ಓಡಿ ಬಂದಳು. ಅವರನ್ನು ನೆಲಕ್ಕೆ ಮಲಗಿಸಿ, ಕಂಕುಳಿಗೆ ಹಿಮ್ಮಡಿ ಕೊಟ್ಟು, ಕೈ ಹಿಡಿದು ಎಳೆಯತೊಡಗಿದಳು. ಸರ್ ಕೂಗುವುದನ್ನು ನೋಡಲಾರದೆ ಫಕೀರವ್ವ ಮುಖ ತಿರುಗಿಸಿದಳು. ತಿರುಗಿಸಿದ ಕಡೆ, ತರಗತಿಯ ಬಾಗಿಲಿನೊಳಗೆ, ಬೋರ್ಡಿತ್ತು. ಅರ್ಧ ಬರೆದ ಪ್ರಮೇಯದ ಉಳಿದರ್ಧ ಅವಳಿಗೆ ತಾನಾಗಿ ಹೊಳೆಯಿತು. ಬೆಳಿಗ್ಗೆ ಅವಳು ಉಂಡು ಬಂದಿದ್ದು ಮನೆಯ ರೊಟ್ಟಿ.

ಹುಲಿಗೆವ್ವನ ಕೈ ನಿಂತಿತು. ಸರ್ ಕೈಯನ್ನು ಹಿಡಿದೇ ಇದ್ದಳು, ಆದರೆ ಸಂತೆಯಲ್ಲಿ ಯಾರೋ ಹಿಡಿದುಕೊಂಡಿರು ಎಂದು ಕೊಟ್ಟು ಹೋದ ಚೀಲದ ಹಾಗೆ. "ಇದನ್ನ ಎತ್ತಾಗ ತಿರುವಬೇಕು?" ಎಂದಳು, ನಮ್ಮನ್ನು ನೋಡಿ. ಆ ದನಿಯಲ್ಲಿ ಅಳು ಇರಲಿಲ್ಲ, ಬರೀ ಆಶ್ಚರ್ಯ. ಅದನ್ನು ಕೇಳಲು ಆಗಲಿಲ್ಲ.

ಫಕೀರವ್ವ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. "ನಾ ಕಲಿತೆ ಅವ್ವಾ. ತಡೀಲಿಕ್ಕೆ ಆಗಲಿಲ್ಲ."

ನಾನು ಅವಳ ಜಡೆ ಹಿಡಿದು ಕೇಳಿದೆ. "ಅವ್ವ ಭುಜ ಕೂಡಿಸೂದು ಎಷ್ಟ್ ಸಲ ನೋಡೀದಿ?"

"ದಿನಾ ನೋಡೀನ್ರಿ. ಒಳಗ ಬಿಟ್ಕೊಂಡಿಲ್ಲ."

"ಕಿವಿತನಕ ಐತೇನು?"

"ಕಣ್ಣತನಕ ಐತ್ರಿ."

ಒಲೆಯ ಮೇಲೆ ಅನ್ನ ಮುಕ್ಕಾಲು ಬೆಂದಿತ್ತು. ಒಂದು ಸೌಟು ತಂದು ಅವಳ ಕೈಗೆ ಹಾಕಿದೆ. ವೆರಾಂಡಾಕ್ಕೆ ಬೇಗ ಬಂದಿದ್ದ ಆರೇಳು ಹೆಂಗಸರಿಗೂ ಹಾಕಿದೆ, ನಾನೂ ಬಾಯಿಗಿಟ್ಟುಕೊಂಡೆ. ಅಕ್ಕಿ ಹಲ್ಲಿಗೆ ಸಿಗುತ್ತಿತ್ತು. ಹುಡುಗಿ ಬಿಕ್ಕುತ್ತ ಅಗಿಯುತ್ತಿದ್ದಳು.

ಕೆಳಗೆ ಮಲಗಿದ್ದ ಕುಲಕರ್ಣಿ ಸರ್ ಬೆವರುತ್ತ ಬಾಯಿ ತೆರೆದರು. "ನನಗೂ ಒಂದ್ ತುತ್ತು ಹಾಕ್ರಿ ನೀಲಮ್ಮ. ಈ ನೋವಾದ್ರೂ ಮರೀತೀನಿ."

"ನಿಮಗ ಪಿತ್ತ ಅಲ್ರೀ?"

"ಹಾಕ್ರಿ ಅಂದೆ."

ಹಾಕಿದೆ.

ಭುಜವೆಂದರೆ ಹಗುರದ ವಿದ್ಯೆಯಲ್ಲ, ಅತ್ತೆಯ ಒಂದು ಚುಚ್ಚುಮಾತಿನಿಂದ ತೂಗುವಂಥದ್ದಲ್ಲ. ಉಳಿದವರೆಲ್ಲ ಹೆದರಿ ಸಣ್ಣದನ್ನು ಹುಡುಕುತ್ತಿದ್ದರು. ನನ್ನ ಹತ್ತಿರ ಒಂದಿತ್ತು. ಅದನ್ನು ನಾನು ಯಾವ ಲೆಕ್ಕಕ್ಕೂ ಕೊಟ್ಟಿರಲಿಲ್ಲ, ಮೂವತ್ತು ವರ್ಷ ಅದಕ್ಕೆ ಆತುಕೊಂಡೇ ನೆಟ್ಟಗೆ ನಿಂತಿದ್ದೆ. ಅದು ಹೋದರೆ ಬಿದ್ದುಹೋಗುತ್ತೇನೆಂಬ ಹೆದರಿಕೆ ಇತ್ತು. ಅದನ್ನು ಎತ್ತಿ ಮನಸ್ಸಿನ ಎದುರಿಗೆ ಇಟ್ಟುಕೊಂಡು, "ಒಳಗ ಬಿಟ್ಕೊ ಫಕೀರವ್ವಾ, ನಾ ಇದೀನಿ" ಎಂದೆ.

ಹುಡುಗಿ ಅವ್ವನ ಕೈಯಿಂದ ಸರ್ ಕೈ ತೆಗೆದುಕೊಂಡಳು. ಹಿಮ್ಮಡಿ ಊರಿದಳು, ಎಳೆದಳು, ಹೊರಗೆ ತಿರುವಿ ಒಳಗೆ ತಂದಳು. ಹಳೆಯ ಬಾಗಿಲಿನ ಚಿಲಕ ಬಿದ್ದಂತೆ ಸದ್ದಾಯಿತು. ಸರ್ ಕಣ್ಣು ಬಿಟ್ಟು, "ಅಲ್ಲ, ನಾ ಯಾಕ ಇಲ್ಲಿ ಮಲಗೀನಿ?" ಎಂದರು.

ನಾನು ಏನು ಕೊಟ್ಟೆನೆಂದು ನಿಮಗೆ ಹೇಳೋಣವೆಂದರೆ ನನಗೆ ಗೊತ್ತಿಲ್ಲ. ಕೊಟ್ಟ ಮೇಲೂ ನಿಂತೇ ಇದ್ದೆ, ಅಷ್ಟು ಗೊತ್ತು. ಸಂಜೆ ವೈನಿ ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಅದನ್ನೂ ಕೊಟ್ಟೆಲ್ಲ ನೀಲಾ?" ಎಂದಳು. ಅವಳಿಗೆ ಗೊತ್ತಿತ್ತು. ಏನದು ಎಂದು ಕೇಳಿದೆ. ಬೇಡ ಬಿಡು ಎಂದು ತಲೆಗೆ ಎಣ್ಣೆ ಹಚ್ಚಿದಳು.

ದೊಡ್ಡವರು ಕಲಿತರೆ ನಮ್ಮೂರಲ್ಲಿ ಯಾರೂ ಮರೆಯುವುದಿಲ್ಲ, ಆದರೆ ಮಕ್ಕಳಿಂದ ಕಲಿಯಬಹುದೆಂದು ಯಾವ ದೊಡ್ಡವರಿಗೂ ಹೊಳೆದಿರಲಿಲ್ಲ. ಹುಲಿಗೆವ್ವ ಮಗಳ ಮುಂದೆ ಕೂತು ಭುಜವನ್ನು ವಾಪಸು ಕಲಿತಳು. ಕಲಿಯುವಾಗ ಮಗಳಿಗೆ ಎರಡು ಸಲ ಬೈದಳು, ಸರಿಯಾಗಿ ಹೇಳಿಕೊಡುತ್ತಿಲ್ಲವೆಂದು. ಒಂದೇ ಕಸುಬು ಎರಡು ತಲೆಯಲ್ಲಿ ಇದ್ದುದು ಊರಲ್ಲಿ ಅದೇ ಮೊದಲು. ದಿಲ್‌ಶಾದ್ ಮೇಡಂ ವಾರಕ್ಕೊಂದು ಮಧ್ಯಾಹ್ನ ಹುಲಿಗೆವ್ವನಿಗೆ ಪಾಠಕ್ಕೆ ಕೊಟ್ಟರು. ಮೊಣಕೈ, ಮಣಿಕಟ್ಟು, ಬೆರಳು ಹತ್ತನೆಯ ತರಗತಿಗೆಲ್ಲ ಬಂದವು. ಮುಂದಿನ ಬೆಂಚಿನ ವಕೀಲರ ಮಗನಿಗೆ ಅದು ತಲೆಗೇ ಹತ್ತಲಿಲ್ಲ. ಹುಲಿಗೆವ್ವ ಅವನನ್ನು ಏನೂ ಅನ್ನಲಿಲ್ಲ, ಅವನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ನಾಲ್ಕು ಸಲ ಮಾಡಿಸಿದಳು. ಕುಲಕರ್ಣಿ ಸರ್ ಹಿಂದೆ ನಿಂತು ಅದನ್ನು ನೋಡಿದರು. ಹಸಿ ಕಟ್ಟಿಗೆ ಎಂಬ ಮಾತನ್ನು ಅವರ ಬಾಯಲ್ಲಿ ಮತ್ತೆ ಕೇಳಲಿಲ್ಲ. ಬಿಟ್ಟರೋ ಮರೆತರೋ ತಿಳಿಯದು, ಡಬ್ಬಿ ತರುವುದನ್ನಂತೂ ನಿಲ್ಲಿಸಿದ್ದರು.

ಆ ವರ್ಷ ಮೂವತ್ತಾರರಲ್ಲಿ ಮೂವತ್ತೊಂದು ಜನ ಪಾಸಾದರು. ಯಾವ ಹೊಸ ವಿಧಾನ ಅನುಸರಿಸಿದಿರಿ ಎಂದು ಮೇಲಿನವರು ಕಾಗದ ಬರೆದು ಕೇಳಿದರು. ಮೇಡಂ ಒಂದು ಸಾಲಿನ ಉತ್ತರ ಬರೆದರು: ವೇಳಾಪಟ್ಟಿ ಬದಲಿಸಿದ್ದೇವೆ, ಹೆಚ್ಚುವರಿ ಅಕ್ಕಿ ಬೇಕಾಗಿದೆ.

ಜೂನ್ ಮೊದಲ ವಾರ ಫಕೀರವ್ವ ಕಾಲೇಜಿಗೆಂದು ದೊಡ್ಡ ಊರಿನ ಹಾಸ್ಟೆಲಿಗೆ ಹೊರಟಳು. ಹೊರಡುವ ದಿನ ತಾಯಿಯೂ ಮಗಳೂ ಅಡುಗೆಕೋಣೆಗೆ ಬಂದರು. ಮೇಡಂ ಅಲ್ಲೇ ಮಣೆಯ ಮೇಲೆ ಕೂತು ಉಣ್ಣುತ್ತಿದ್ದರು. ಹುಲಿಗೆವ್ವನಿಗೆ ಒಂದೇ ಚಿಂತೆ. ಹಾಸ್ಟೆಲಿನ ಗಡಿಗೆಯಿಂದ ಉಣ್ಣುವ ದೊಡ್ಡವರು ಯಾರು, ಎಂಥವರು, ಅವರಿಗೆ ಏನಾದರೂ ನಷ್ಟವಾದರೆ ಪಾಪ ಯಾರಿಗೆ?

"ಆ ಊರಾಗ ಹಂಗೇನಿಲ್ಲ ಹುಲಿಗೆವ್ವಾ" ಎಂದರು ಮೇಡಂ. "ಅಲ್ಲಿ ಮಕ್ಕಳು ಎಷ್ಟ್ ಕಲಿತ್ರೂ ಯಾರೂ ಏನೂ ಮರೆಯೂದಿಲ್ಲ."

"ಒಂದೂ?"

"ಒಂದೂ ಇಲ್ಲ."

ಹುಲಿಗೆವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಸಾವಿನ ಸುದ್ದಿ ಕೇಳುವವರಂತೆ ದನಿ ತಗ್ಗಿಸಿ ಕೇಳಿದಳು.

"ಹಂಗಾರ ಅಲ್ಲಿ ಹೆಣ್ಮಕ್ಕಳು ಎಲ್ಲಾನೂ ನೆನಪಿಟ್ಕೊಂಡ ಇರ್ತಾರೇನ್ರೀ ಬಾಯಾರ?"

ಮೇಡಂ ತಾಟನ್ನು ಮುಂದೆ ಹಿಡಿದು, ಇನ್ನೊಂದು ಸೌಟು ಹಾಕಿರಿ ಎಂದರು.